ಕಿವಿಯಲ್ಲಿ ಮೂರು ಸಲ

ಹೊಳೆದಂಡೆಯ ಆಶ್ರಮಕ್ಕೆ ಹಿಮದ ನಾಡಿನ ಯಾತ್ರಿಕನೊಬ್ಬ ಜ್ವರ ಹೊತ್ತುಕೊಂಡು ಬಂದ. ಅವನ ಮಾತು ಅಲ್ಲಿ ಯಾರಿಗೂ ತಿಳಿಯುತ್ತಿರಲಿಲ್ಲ. ಗುರುಗಳು ಅವನ ಆರೈಕೆಯನ್ನು ಶಿಷ್ಯ ಚಿದ್ರೂಪನಿಗೆ ವಹಿಸಿದರು.

ಮೊದಲ ದಿನ ಯಾತ್ರಿಕ ಎದೆ ಮುಟ್ಟಿಕೊಂಡು ತನ್ನ ಹೆಸರು ಹೇಳಿದ.

“ಸೇವಂಗ?” ಎಂದ ಚಿದ್ರೂಪ.

ಅಲ್ಲವೆಂದು ತಲೆಯಾಡಿಸಿ ಅವನು ಮತ್ತೆ ಹೇಳಿದ.

“ಚೇವಾಂಗ?”

ಅದೂ ಅಲ್ಲ. ಗಂಜಿ ಆರುತ್ತಿತ್ತು, ಹತ್ತು ಕೆಲಸ ಬಾಕಿ ಇದ್ದವು. ಚಿದ್ರೂಪನಿಗೆ ಬೇಸರ ಬಂತು, ಅಷ್ಟೆ, ಕೆಟ್ಟ ಮನಸ್ಸೇನಲ್ಲ.

“ನನ್ನ ನಾಲಗೆ ಹೊರಳೊಲ್ಲದಪ್ಪ. ಸೋಮಣ್ಣ ಅಂತೀನಿ, ಬಿಡು.”

ಯಾತ್ರಿಕ ನಕ್ಕ. ಕೆಲವು ದಿನ ಪಟ್ಟುಬಿಡದೆ ಎದೆ ಮುಟ್ಟಿಕೊಂಡು ಹೇಳಿಕೊಡಲು ನೋಡಿದ. ಆಮೇಲೆ ಸುಮ್ಮನಾದ. ‘ಸೋಮಣ್ಣ’ ಎಂದರೆ ಬಾಯಿ ತೆರೆದು ಗಂಜಿ ಕುಡಿಯತೊಡಗಿದ.

ಚಿದ್ರೂಪ ಸೇವೆಯಲ್ಲಿ ಏನೂ ಕಡಿಮೆ ಮಾಡಲಿಲ್ಲ. ಮೈ ಒರೆಸಿದ, ಹೇಲು ಉಚ್ಚೆ ಬಳಿದ. ಮೂರು ತಿಂಗಳು ಕಳೆದರೂ ಜ್ವರ ಬಿಡಲಿಲ್ಲ.

ಕೊನೆಯ ದಿನ ಯಾತ್ರಿಕನ ಕೈ ಮತ್ತೆ ಎದೆಗೆ ಹೋಯಿತು. ನೋವಿರಬೇಕೆಂದು ಚಿದ್ರೂಪ ಎಣ್ಣೆ ತಿಕ್ಕಿದ. ತಿಕ್ಕುತ್ತಿರುವಾಗಲೇ ಜೀವ ಹೋಯಿತು.

ಆಶ್ರಮದಲ್ಲೊಂದು ವಾಡಿಕೆ. ಚಿತೆಗೆ ಬೆಂಕಿ ಇಡುವ ಮೊದಲು, ಆರೈಕೆ ಮಾಡಿದವನು ಸತ್ತವನ ಕಿವಿಯಲ್ಲಿ ಅವನ ಹೆಸರನ್ನು ಮೂರು ಸಲ ಕರೆಯಬೇಕು. ಆಗಲೇ ಜೀವಕ್ಕೆ ಹೊರಡಲು ಅಪ್ಪಣೆ.

ಚಿದ್ರೂಪ ಕೊಳ್ಳಿ ಹಿಡಿದೇ ಬಾಗಿ, “ಸೋಮಣ್ಣಾ” ಎಂದ.

“ಸೋಮಣ್ಣ ಯಾರು?” ಗುರುಗಳು ಕೇಳಿದರು.

ಚಿದ್ರೂಪ ನಡೆದದ್ದನ್ನು ಹೇಳಿದ. “ಹೆಸರೂ ಒಂದು ಮೋಹ ಅಂತ ತಾವೇ ಹೇಳಿದ್ದಿರಿ, ಗುರುಗಳೇ. ದೀಕ್ಷೆಯ ದಿನ ನಾನೂ ಹಳೆಯ ಹೆಸರು ಬಿಟ್ಟೆನಲ್ಲ.”

“ನಿನ್ನದನ್ನು ನೀನು ಬಿಟ್ಟೆ. ಇವನದನ್ನೂ ನೀನೇ ಬಿಟ್ಟೆ.”

ಗುರುಗಳು ಅವನ ಕೈಯ ಕೊಳ್ಳಿಯನ್ನು ಕಸಿದು ಮರಳಿನಲ್ಲಿ ಆರಿಸಿದರು. “ಕರೆ.”

ಚಿದ್ರೂಪ ಹೆಣದ ಪಕ್ಕ ಕುಳಿತ. ಸೇವಂಗ, ಚೇವಾಂಗ, ಸೆವಾಂಗು. ಬಿಸಿಲೇರಿತು, ತುಟಿ ಒಣಗಿತು. ಎಣ್ಣೆ ತಿಕ್ಕಿದ ಆ ಎದೆಯನ್ನು ನೋಡಿದಾಗ ಕೊನೆಯ ದಿನ ಕೈ ಅಲ್ಲಿಗೆ ಹೋದದ್ದು ಏಕೆಂದು ಅವನಿಗೆ ಅರ್ಥವಾಯಿತು, ದುಃಖ ತಡೆಯಲಾಗಲಿಲ್ಲ. ಅಳುತ್ತಲೇ ನಾಲಗೆಯನ್ನು ತಿರುಚಿ ತಿರುಚಿ ಕರೆದ.

ಮಧ್ಯಾಹ್ನದ ಹೊತ್ತಿಗೆ ಹಲ್ಲಿನ ಸಂದಿಯಿಂದ ಒಂದು ಸದ್ದು ಹೊರಟಿತು. ಮೊದಲ ದಿನ ಕೇಳಿದ್ದು ಅದೇ ಇರಬೇಕು. ಅಲ್ಲವೇನೋ. ಅದನ್ನೇ ಮೂರು ಸಲ ಕರೆದು ತಲೆಯೆತ್ತಿದ.

“ಈಗ ಸರಿಯಾಯಿತೇ, ಗುರುಗಳೇ?”

ಗುರುಗಳು ಕೊಳ್ಳಿಯನ್ನು ಮತ್ತೆ ಹೊತ್ತಿಸಿ ಅವನ ಕೈಗಿತ್ತರು.

“ಅದನ್ನು ಹೇಳಬಲ್ಲವನು ಮೂರು ತಿಂಗಳು ನಿನ್ನ ಮುಂದೆಯೇ ಮಲಗಿದ್ದ.”