ಗುಲ್ಜಾರ್ ಹಜರತರ ಶಾಖೆಗೆ ಹೆಸರಿಟ್ಟದ್ದು

ಕೇಳ್ರಿ, ಮೂರು ಆನೆ ಮಲಗುವಂಥ ಹಂಡೆಯಲ್ಲಿ ಒಬ್ಬನೇ ಅನ್ನ ಬೇಯಿಸಿದವನು ನಾನು. ದರ್ಗಾದ ಅಡಿಗೆ ಪೂರಾ ನನ್ನದೇ. ನಮ್ಮ ಸೂಫಿ ಪಂಥದಲ್ಲಿ ಒಬ್ಬೊಬ್ಬ ಗುರುವಿನಿಂದ ಒಂದೊಂದು ಶಾಖೆ. ಗುರು ತೀರಿಕೊಂಡ ಮೇಲೆ, ಮೊದಲ ಉರುಸಿನಲ್ಲಿ ಗೋರಿಗೆ ಗಂಧ ಹಚ್ಚಿ ಜನರೇ ಆ ಶಾಖೆಗೆ ಹೆಸರಿಡುತ್ತಾರೆ. ಕಂಬಳಿ ಹೊದ್ದವರದು ಕಂಬಳಿಶಾಹಿ. ಬೇವಿನ ಮರದ ಕೆಳಗೆ ಕೂತವರದು ಬೇವಿನಶಾಹಿ.

ಪೀಠದಲ್ಲಿದ್ದ ಗುಲ್ಜಾರ್ ಹಜರತರಿಗೆ ಅಷ್ಟು ತಾಳ್ಮೆ ಎಲ್ಲಿಂದ ಬರಬೇಕು?

"ನಾಳೆಯಿಂದ ಇದು ಗುಲ್ಜಾರಶಾಹಿ! ಹಾಗನ್ನದವರಿಗೆ ಊಟ ಇಲ್ಲ. ಬಡಿಸಿದಿಯೋ, ನಿನ್ನ ಸೌಟು ಕಸ್ಕೊಂಡು ಹೊರಗ ಹಾಕ್ತೀನಿ" ಎಂದು ನನ್ನ ಮೇಲೆ ಗುಡುಗಿದರು. ಮರುದಿನ ಅಂಗಳದಲ್ಲಿ ನೂರಾರು ಮಂದಿ ಹಸಿದು ಕೂತಿದ್ದರು.

ನಾನು ಗಂಧ, ಹಸಿರು ಚಾದರ ತಗೊಂಡು, ಗೋರಿ ತೋಡುವ ಮೀರಾಸಾಬನನ್ನೂ ಕರಕೊಂಡು ಹಜರತರ ಹತ್ತಿರ ಹೋದೆ.

"ಇದೇನಲೇ?"

"ಹೆಸರಿಡಬೇಕಲ್ರಿ ಹಜರತ್. ಗೋರಿ ಇಲ್ದ ಗಂಧ ಎಲ್ಲಿ ಹಚ್ಚೋಣು? ಒಂದೀಟು ಮಲಗ್ರಿ, ಇವ ಅಳತಿ ತಗೋತಾನ."

ಮೀರಾಸಾಬ ಹಗ್ಗ ಬಿಚ್ಚಿಯೇಬಿಟ್ಟ. "ಪೇಟ ಸೇರಿಸಿ ಅಳೀಬೇಕೇನ್ರಿ, ಬಿಟ್ಟು ಅಳೀಬೇಕೇನ್ರಿ?"

ಹಜರತರ ಬೆವರಿಗೆ ನನ್ನ ಹಂಡೆ ತುಂಬಿತು. "ಅಷ್ಟು ಅವಸರ ಏನೈತೋ?"

"ನಮಗೇನಿಲ್ರಿ. ಅವಸರ ನಿಮ್ಮದೇ!"

"ಹೋಗು, ಎಲ್ಲಾರಿಗೂ ಬಡಿಸು ಮೊದಲ!" ಅಂದವರೇ ಕೋಣೆ ಸೇರಿ ಅಗಳಿ ಹಾಕಿಕೊಂಡರು.

ಪುಣ್ಯಾತ್ಮರು ತೊಂಬತ್ತು ದಾಟಿ ತೀರಿಕೊಂಡರು. ಉರುಸಿನ ದಿನ ಜನ ಗಂಧ ಹಚ್ಚಿ, ಒಂದೇ ದನಿಯಲ್ಲಿ ಶಾಖೆಗೆ ಹೆಸರಿಟ್ಟರು: ಅಳತಿಶಾಹಿ.