ಕೆಂಚರಸನ ಕಾರು ಬೆಳಗ್ಗೆ ನಡುಗಿದ್ದು

ಒಂದಾನೊಂದು ಊರಿನಲ್ಲಿ ಒಂದಾನೊಂದು ಚಳಿಗಾಲ. ಇನ್ನೂ ಹತ್ತಿರ ಬನ್ನಿ, ಹಿಂದೆ ಕೂತವರಿಗೆ ಕೇಳಿಸುವುದಿಲ್ಲ. ಊರು ಕಾವಳೂರು. ರಾಜ ಕೆಂಚರಸ. ಅವನಿಗೆ ಆನೆ ಇರಲಿಲ್ಲ, ಕುದುರೆ ಇರಲಿಲ್ಲ. ಒಂದು ಕಾರಿತ್ತು.

ಬೆಳಗ್ಗೆ ಸ್ಟಾರ್ಟ್ ಮಾಡಿದರೆ ಕಾರು ನಿಂತಲ್ಲೇ ಗಡಗಡ ನಡುಗುತ್ತಿತ್ತು. ಒಳಗೆ ಕೂತ ರಾಜನ ಕಿರೀಟ ಮೂಗಿಗೆ ಜಾರುತ್ತಿತ್ತು. ಇಂಜಿನ್ ಕಾದ ಮೇಲೆ ಸದ್ದು ನುಣ್ಣಗಾಗುತ್ತಿತ್ತು.

"ಇದು ಯಾರಿಗೋ ಹೆದರಿದೆ" ಎಂದ ರಾಜ. ಶಾಲು ಹೊದಿಸಿದ. ನಡುಗಿತು. ಶುಂಠಿ ಕಷಾಯ ಕಾಸಿ ಬಾನೆಟ್ಟಿನ ಮುಂದಿಟ್ಟ. ನಡುಗಿತು. ದೃಷ್ಟಿ ತೆಗೆಸಿದ. ಮೆಣಸಿನಕಾಯಿ ಘಾಟಿಗೆ ರಾಜನೇ ಸೀನಿದ, ಕಾರು ನಡುಗಿತು.

ಕೊನೆಗೆ ಮೆಕ್ಯಾನಿಕ್ ಗೌಸ್ ಮೇಸ್ತ್ರಿಯನ್ನು ಕರೆಸಿದ. ಮೇಸ್ತ್ರಿ ಕಿವಿಯಿಟ್ಟು ಕೇಳಿದ.

"ಬುದ್ಧಿ, ಒಳಗೆ ನಾಲ್ಕು ಜನ ಅಣ್ಣತಮ್ಮಂದಿರು. ಸಿಲಿಂಡರ್ ಅಂತಾರೆ. ಯಾರೋ ಒಬ್ಬ ಬೆಳಗ್ಗೆ ಏಳ್ತಿಲ್ಲ."

"ಯಾರು ಅಂತ ಗೊತ್ತಾಗೋದು ಹೇಗೆ?"

"ಒಬ್ಬೊಬ್ಬರದೇ ವೈರು ಕೀಳ್ತೀನಿ. ಸದ್ದು ಬದಲಾದ್ರೆ ಅವನು ದುಡೀತಿದ್ದಾನೆ. ಬದಲಾಗದಿದ್ರೆ ಅವನೇ ಮಲಗಿರೋನು."

ಮೊದಲನೆಯವನ ವೈರು ಕಿತ್ತ. ಇಂಜಿನ್ ಮುಗ್ಗರಿಸಿತು. ಎರಡನೆಯವನದು ಕಿತ್ತ. ಮುಗ್ಗರಿಸಿತು. ಮೂರನೆಯವನದು ಕಿತ್ತ. ಏನೂ ಆಗಲಿಲ್ಲ. ಮೇಸ್ತ್ರಿ ಆ ವೈರಿನ ತುದಿಯಲ್ಲಿದ್ದ, ಕಿಡಿ ಹೊತ್ತಿಸುವ ಪ್ಲಗ್ಗನ್ನು ಬಿಚ್ಚಿ ಅಂಗೈಯಲ್ಲಿಟ್ಟುಕೊಂಡ. ಪ್ಲಗ್ಗು ತಗ್ಗಿದ ದನಿಯಲ್ಲಿ ಮಾತಾಡಿತು.

"ಚಳಿಗೆ ನನ್ನ ಬಾಯೆಲ್ಲ ಪೆಟ್ರೋಲಿನಲ್ಲಿ ಒದ್ದೆಯಾಗುತ್ತದೆ ಸ್ವಾಮಿ. ಕಿಡಿ ಬರುವುದಿಲ್ಲ. ಉಳಿದವರು ಎಳೆಯುತ್ತಾರೆ. ನಾನು ಜೊತೆಗೆ ಅಲ್ಲಾಡುತ್ತೇನೆ, ಅಷ್ಟೆ."

ಹೊಸ ಪ್ಲಗ್ಗು ಹಾಕಿದರು. ನಡುಕ ನಿಂತಿತು.

ರಾಜನಿಗೆ ಮಾತ್ರ ಊಟ ಸೇರಲಿಲ್ಲ. "ಮೇಸ್ತ್ರಿ, ನನ್ನ ಊರೂ ಬೆಳಗ್ಗೆ ಹೀಗೇ ನಡುಗುತ್ತದೆ. ನಲ್ಲಿ ಹತ್ತಿರ ಜಗಳ, ಬಾಗಿಲುಗಳ ಧಡಧಡ. ಇಲ್ಲೂ ಯಾರೋ ಮಲಗಿದ್ದಾರೆ."

ಡಂಗುರ ಸಾರಿಸಿದ. ಒಬ್ಬೊಬ್ಬರೂ ಒಂದೊಂದು ಬೆಳಗ್ಗೆ ಸುಮ್ಮನಿರಬೇಕು. ಯಾರು ಸುಮ್ಮನಿದ್ದರೂ ಊರಿನ ಸದ್ದು ಬದಲಾಗುವುದಿಲ್ಲವೋ ಅವರನ್ನು ಕಿತ್ತು ಊರಾಚೆ ಇಡಬೇಕು.

ಹಾಲಿನವಳು ಸುಮ್ಮನಿದ್ದಳು. ಹಸುಗಳೇ ಮನೆಮನೆಗೆ ಹೋಗಿ "ಹಾಲೂ" ಎಂದು ಕೂಗಿದವು. ಸದ್ದು ಬದಲಾಯಿತು. ಪೂಜಾರಿ ಸುಮ್ಮನಿದ್ದ. ದೇವರು ಮಧ್ಯಾಹ್ನದವರೆಗೆ ಗೊರಕೆ ಹೊಡೆದ. ಬದಲಾಯಿತು. ಮಂತ್ರಿ ಸುಮ್ಮನಿದ್ದ. ಅವನ ಮಾತಿಗೆಲ್ಲ ಹೂಂಗುಟ್ಟುತ್ತಿದ್ದ ಅರಮನೆಯ ಕಂಬಗಳು, ಹೂಂಗುಟ್ಟಲು ಏನೂ ಇಲ್ಲದೆ ಅತ್ತವು. ಬದಲಾಯಿತು.

ಹೀಗೇ ಊರಿನವರೆಲ್ಲರ ಸರದಿ ಮುಗಿಯಿತು. "ಇನ್ನು ಯಾರು?" ಎಂದ ರಾಜ.

ಮೇಸ್ತ್ರಿ ನೆಲ ನೋಡಿದ. "ಬುದ್ಧಿ, ಇನ್ನು ತಾವೇ."

ಮರುದಿನ ಬೆಳಗ್ಗೆ ಕೆಂಚರಸ ಸುಮ್ಮನಿದ್ದ. ಅಪ್ಪಣೆ ಕೊಡಲಿಲ್ಲ, ಕೆಮ್ಮಲೂ ಇಲ್ಲ. ಹಾಲಿನವಳು ಕೂಗಿದಳು. ಪೂಜಾರಿ ಗಂಟೆ ಬಾರಿಸಿದ. ನಲ್ಲಿ ಹತ್ತಿರ ನಿನ್ನೆಯಷ್ಟೇ ಜಗಳವಾಯಿತು. ಮೇಸ್ತ್ರಿ ಊರಿನ ನೆಲಕ್ಕೆ ಕಿವಿಯಿಟ್ಟು ಬಹಳ ಹೊತ್ತು ಕೇಳಿದ. ಎದ್ದವನು ಕಣ್ಣೊರೆಸಿಕೊಂಡ.

"ಏನೂ ಬದಲಾಗಿಲ್ಲ, ಬುದ್ಧಿ."

ರಾಜ ಕಿರೀಟ ತೆಗೆದು ಸಿಂಹಾಸನದ ಮೇಲಿಟ್ಟ. ಯಾರನ್ನೂ ಬೈಯಲಿಲ್ಲ. ತನ್ನ ಮಾತು ತಾನೇ ಮುರಿಯುವುದು ಹೇಗೆ? ಬರಿಗಾಲಲ್ಲಿ ಊರಬಾಗಿಲಿಗೆ ನಡೆದ. ದಾರಿಯಲ್ಲಿ ಯಾರೂ ತಲೆ ಎತ್ತಿ ನೋಡಲಿಲ್ಲ. ಅದೇ ಅವನಿಗೆ ಹೆಚ್ಚು ನೋವು ಕೊಟ್ಟದ್ದು.

ಒಂದು ಕಾಲು ಆಚೆ ಇಟ್ಟಿದ್ದ. ಅಷ್ಟರಲ್ಲಿ ರಾಣಿ ಪುಟ್ಟಗೌರಮ್ಮಣ್ಣಿ ಸೀದ ಪಾತ್ರೆ ಹಿಡಿದು ಓಡಿಬಂದಳು.

"ಏನ್ರೀ ಇದು? ದಿನಾ ನೀವು ಕೆಮ್ಮಿದಾಗ ಎದ್ದು ಹಾಲು ಇಳಿಸ್ತಿದ್ದೆ. ಇವತ್ತು ಯಾಕೆ ಕೆಮ್ಮಲಿಲ್ಲ? ಒಲೆ ಮುಂದೆ ತೂಕಡಿಸ್ತಾ ಕೂತಿದ್ದೆ, ಹಾಲು ಉಕ್ಕಿ ಸುಂಯ್ ಅಂತು!"

"ಸುಂಯ್ ಅಂತಾ?" ಎಂದ ರಾಜನ ಹಿಂದೆಯೇ ಬಂದಿದ್ದ ಮೇಸ್ತ್ರಿ.

"ಸುಂಯ್ ಅಂತು."

ಮೇಸ್ತ್ರಿ ಪಾತ್ರೆಗೆ ಕಿವಿಯಿಟ್ಟ. "ಸದ್ದು ಬದಲಾಗಿದೆ" ಎಂದ. "ಬುದ್ಧಿ, ತಮ್ಮ ವೈರು ಇರೋದು ಸಿಂಹಾಸನಕ್ಕಲ್ಲ, ಅಡಿಗೆಮನೆಗೆ."

ರಾಜ ಆಚೆ ಇಟ್ಟ ಕಾಲನ್ನು ಈಚೆ ಇಟ್ಟ. ಬಾಯಿ ತೆರೆದ. ಸಣ್ಣಗೆ ಕೆಮ್ಮಿದ.

"ಬನ್ನಿ, ಒಲೆ ಒರೆಸೋಣ" ಎಂದಳು ರಾಣಿ.

ಹೋದರು, ಒರೆಸಿದರು, ಉಳಿದ ಹಾಲು ಕುಡಿದರು. ಇದರ ನೀತಿ ನನ್ನನ್ನು ಕೇಳಬೇಡಿ. ನಿಮ್ಮ ಮನೆಯಲ್ಲಿ ಹಾಲು ಒಲೆಯ ಮೇಲಿದ್ದರೆ ಮೊದಲು ಎದ್ದು ಹೋಗಿ.