ಮುದ್ರೆಯಿಲ್ಲದ ಎಣ್ಣೆ

"ಇದು ನಿನ್ನಿಂದ ಆಗುವ ಕೆಲಸವಲ್ಲ" ಎಂದು ಸೇಸಮ್ಮನಿಗೆ ಮೊದಲು ಹೇಳಿದವನು ಅವಳ ಭಾವ ಐತಪ್ಪ. ಆಮೇಲೆ ಹೇಳಿದವನು ಬಂದರಿನ ದೊಡ್ಡಂಗಡಿಯ ದೂಮಪ್ಪ ಸಾಹುಕಾರ. ಈ ಇಬ್ಬರು ಹೇಳಿದ ಮೇಲೆ ಉಳಿದವರಿಗೂ ಧೈರ್ಯ ಬಂತು. ಬೆಳ್ಮಳಲು ದ್ವೀಪದಲ್ಲಿ ಆ ಮಾತನ್ನು ಹೇಳದೆ ಉಳಿದವರು ತೊಟ್ಟಿಲ ಕೂಸುಗಳು ಮಾತ್ರ.

ಬೆಳ್ಮಳಲು ಬಹಳ ಚಿಕ್ಕ ದ್ವೀಪ. ಬೆಳಗಿನ ಗಂಜಿ ಕುಡಿದು ಹೊರಟರೆ ಸುತ್ತು ಹಾಕಿ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಮರಳು ಮತ್ತು ತೆಂಗು ಬಿಟ್ಟರೆ ಅಲ್ಲಿ ಹೇಳಿಕೊಳ್ಳುವಂಥದ್ದು ಬೇರೇನೂ ಇಲ್ಲ. ಹಿಂದೆ ಅಲ್ಲಿ ಬೀದಿಗೊಂದು ಎಣ್ಣೆಗಾಣ ಇತ್ತಂತೆ. ಪರದೇಶದ ಒಂದು ಕಂಪನಿ ದ್ವೀಪವನ್ನು ಹಿಡಿದುಕೊಂಡಿತು. ಇನ್ನು ಯಾರೂ ಗಾಣ ಇಡಕೂಡದು, ಕೊಬ್ಬರಿ ಒಣಗಿಸಿ ಕಂಪನಿಯ ಹಡಗಿಗೇ ಹಾಕಬೇಕು ಎಂದು ಕಾನೂನು ಮಾಡಿತು. ಗಾಣಗಳನ್ನು ಒಡೆದು ಸೌದೆ ಮಾಡಿದರು. ಎತ್ತುಗಳನ್ನು ಸಿಪಾಯಿಗಳು ತಿಂದು ಮುಗಿಸಿದರು. ಅಂದಿನಿಂದ ದ್ವೀಪದ ಕೊಬ್ಬರಿ ಸಮುದ್ರ ದಾಟಿ ಹೋಗಿ, ಎಣ್ಣೆಯಾಗಿ, ಕಿರೀಟದ ಚಿತ್ರವಿದ್ದ ತಗಡಿನ ಡಬ್ಬದಲ್ಲಿ ಅರಗಿನ ಮುದ್ರೆ ಹೊತ್ತು ತಿರುಗಿ ಬರತೊಡಗಿತು.

ತಲೆಮಾರುಗಳು ಕಳೆದವು. ಒಂದು ದಿನ ಕಂಪನಿಯ ಬಾವುಟ ಇಳಿಯಿತು, ದ್ವೀಪದವರ ಬಾವುಟ ಏರಿತು. ಗಾಣದ ಕಾನೂನನ್ನು ಎಲ್ಲರ ಎದುರಿಗೇ ಹರಿದು ಹಾಕಿದರು. ಜನ ಬೆಲ್ಲ ಹಂಚಿ ಕುಣಿದರು. ಮರುದಿನ ಬೆಳಿಗ್ಗೆ ಎದ್ದು, ಕೊಬ್ಬರಿ ಮೂಟೆ ತಲೆಯ ಮೇಲಿಟ್ಟುಕೊಂಡು ಹಡಗಿನ ಕಡೆಗೇ ನಡೆದರು.

ಯಾಕೆ ಎಂದು ಕೇಳುತ್ತೀರಾ ಮಕ್ಕಳೇ? ಅವರಿಗೆ ಡಬ್ಬದ ರುಚಿ ಹತ್ತಿತ್ತು. ತಿಂಗಳುಗಟ್ಟಲೆ ತಗಡಿನಲ್ಲಿದ್ದ ಎಣ್ಣೆಗೆ ಒಂದು ಕಮಟು ವಾಸನೆ ಬರುತ್ತದಲ್ಲ, ಅದೇ ಒಳ್ಳೆಯ ಎಣ್ಣೆಯ ಗುರುತು ಎಂದು ಅವರು ನಂಬಿಬಿಟ್ಟಿದ್ದರು. ಮದುವೆಯಲ್ಲಂತೂ ಗಂಡಿನ ತಾಯಿ ಹೊಸ ಡಬ್ಬದ ಮುದ್ರೆ ಒಡೆದು, ಆ ಎಣ್ಣೆಯನ್ನು ಹೆಣ್ಣಿನ ತಲೆಗೆ ಹಚ್ಚಬೇಕು. ಮುದ್ರೆ ಒಡೆಯದ ಮದುವೆ ಮದುವೆಯೇ ಅಲ್ಲ.

ಸೇಸಮ್ಮ ವಿಧವೆ. ಹಡಗಿಗೆ ಮೂಟೆ ಹೊರುವುದು ಅವಳ ಕೂಲಿ. ಬಂದ ಕೂಲಿಯಲ್ಲಿ ಎಣ್ಣೆ ಕೊಳ್ಳುವುದು ಅವಳ ಖರ್ಚು. ಒಂದು ದಿನ ಮೂಟೆ ಇಳಿಸಿ ಅವಳು ಜೊತೆಯವರಿಗೆ ಹೇಳಿದಳು, "ನಮ್ಮ ಮನೆಯ ಕಾಯಿ ನಮ್ಮ ಮನೆಗೇ ನೆಂಟನಾಗಿ ಬರುತ್ತದೆ. ಹೋಗುವ ದಾರಿಖರ್ಚೂ ನಮ್ಮದೇ, ಬರುವ ದಾರಿಖರ್ಚೂ ನಮ್ಮದೇ. ನಾನು ಗಾಣ ಹಾಕುತ್ತೇನೆ."

"ಗಾಣ ಉದ್ದವೋ ದುಂಡಗೋ ಗೊತ್ತುಂಟಾ ನಿನಗೆ?" ಎಂದು ಐತಪ್ಪ ನಕ್ಕ. "ಸುಮ್ಮನೆ ನಮ್ಮ ಮನೆಗೆ ಬಾ. ಪಾತ್ರೆ ತಿಕ್ಕಿಕೊಂಡಿರು, ಒಂದು ಹೊತ್ತಿಗೂ ಕಡಿಮೆ ಮಾಡುವುದಿಲ್ಲ."

"ಪಾತ್ರೆ ತಿಕ್ಕುವುದಾದರೆ ನನ್ನ ಪಾತ್ರೆಯನ್ನೇ ತಿಕ್ಕುತ್ತೇನೆ ಭಾವ" ಎಂದಳು ಸೇಸಮ್ಮ.

ಅವಳು ಪತ್ತೇಮಾರಿ ಹತ್ತಿ ಸಮುದ್ರದಾಚೆಯ ಊರಿಗೆ ಹೋದಳು. ಒಂದು ಗಾಣದ ಮನೆಯಲ್ಲಿ ಹಿಂಡಿ ಗುಡಿಸುವ ಕೆಲಸ ಹಿಡಿದಳು. ಗುಡಿಸುತ್ತಾ ನೋಡಿದಳು, ನೋಡುತ್ತಾ ಕಲಿತಳು. ಆಮೇಲೆ ಕೈಬಳೆ ಮಾರಿದಳು, ಗಂಡ ಬಿಟ್ಟುಹೋದ ಮನೆಯನ್ನೂ ಮಾರಿದಳು. ಒಂದು ಗಾಣ, ಒಂದು ಎತ್ತು ಕೊಂಡು ದೋಣಿಯಲ್ಲಿ ತಂದಳು. ಬೆಳ್ಮಳಲಿನ ಮಕ್ಕಳು ಎತ್ತನ್ನು ಕಂಡದ್ದೇ ಅಂದು. ಎತ್ತಿಗೆ ಸಮುದ್ರದ ಮೇಲೆ ತಲೆ ಸುತ್ತಿತ್ತು. ಅದು ಮರಳಿಗೆ ಇಳಿದದ್ದೇ ಕಾಲು ಮಡಚಿ ಮಲಗಿಬಿಟ್ಟಿತು. "ನೋಡಿ, ಒಡತಿಗಿಂತ ಅದಕ್ಕೇ ಬುದ್ಧಿ ಹೆಚ್ಚು. ಕೆಲಸ ಆಗುವುದಿಲ್ಲ ಎಂದು ಈಗಲೇ ಹೇಳುತ್ತಿದೆ" ಎಂದ ದೂಮಪ್ಪ ಸಾಹುಕಾರ. ಬಂದರೆಲ್ಲ ನಕ್ಕಿತು.

ಮರುದಿನ ಎತ್ತು ಎದ್ದಿತು. ಗಾಣ ತಿರುಗಿತು. ಎಣ್ಣೆಯೂ ಬಂತು, ತಿಳಿಯಾಗಿ, ಘಮಘಮ ಎಂದು. ಆದರೆ ಕೊಳ್ಳುವವರೇ ಬರಲಿಲ್ಲ.

"ಮುದ್ರೆ ಇಲ್ಲವಲ್ಲ" ಎಂದರು ಕೆಲವರು. "ತಗಡಿನ ವಾಸನೆಯೇ ಇಲ್ಲ, ಇದೆಂಥ ಎಣ್ಣೆ?" ಎಂದರು ಇನ್ನು ಕೆಲವರು. ಬಾಗಿಲು ಕಿರುಗುಟ್ಟಿದರೆ ತಿರುಗಣಿಗೆ ಬಿಡಲು ಒಂದಿಷ್ಟು ಒಯ್ಯುತ್ತಿದ್ದರು, ಅಷ್ಟೇ. ಸೇಸಮ್ಮ ಗಾಣದ ಮೂಲೆಯಲ್ಲೇ ಮಲಗಿದಳು. ತಾನು ಅರೆಹೊಟ್ಟೆ ಉಂಡು ಎತ್ತಿಗೆ ಹೊಟ್ಟೆ ತುಂಬ ಹಾಕಿದಳು. ಮಳೆಗಾಲ ಬಂತು. ಒಣಹುಲ್ಲು ಮುಗಿಯುತ್ತ ಬಂತು. ಇನ್ನು ಎಣ್ಣೆ ಮಾರದಿದ್ದರೆ ಎತ್ತನ್ನು ಮುಂದಿನ ದೋಣಿಗೆ ವಾಪಸು ಕಳಿಸಬೇಕು. ಎತ್ತು ಹೋದರೆ ಗಾಣ ಸೌದೆ. ಗಾಣ ಹೋದರೆ ಭಾವನ ಮನೆಯ ಪಾತ್ರೆ. ಇದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ವರ್ಷ ಗಾಳಿ ಜೋರು. ಹಡಗು ಬರಲಿಲ್ಲ. ದೊಡ್ಡಂಗಡಿಯಲ್ಲಿ ಡಬ್ಬಗಳೆಲ್ಲ ಖಾಲಿಯಾದವು. ಅದೇ ಹೊತ್ತಿಗೆ ಐತಪ್ಪನ ಮಗಳು ಗುಲಾಬಿಯ ಮದುವೆ ಬಂತು.

ಮದುವೆಯ ಮುಂಜಾನೆ ಐತಪ್ಪನೂ ದೂಮಪ್ಪನೂ ಗಾಣಕ್ಕೆ ಬಂದರು. ಸಾಹುಕಾರನ ಕಂಕುಳಲ್ಲಿ ಒಂದು ಖಾಲಿ ಡಬ್ಬ, ಮೇಲೆ ಕಿರೀಟದ ಚಿತ್ರ.

"ಸೇಸಮ್ಮ, ಇದಕ್ಕೆ ನಿನ್ನ ಎಣ್ಣೆ ತುಂಬು. ಅರಗು ನನ್ನ ಹತ್ತಿರ ಉಂಟು, ಮುದ್ರೆ ನಾನು ಹಾಕುತ್ತೇನೆ" ಎಂದ ದೂಮಪ್ಪ. "ಇವತ್ತಿಗೆ ಮಾತ್ರ ಅಲ್ಲ. ಇನ್ನು ಮುಂದೆಯೂ ಖಾಲಿ ಡಬ್ಬ ನಾನು ಕೊಡುತ್ತೇನೆ, ನೀನು ತುಂಬು. ಹನಿ ಬಿಡದೆ ಎಲ್ಲವನ್ನೂ ಕೊಳ್ಳುತ್ತೇನೆ. ನಿನ್ನ ಎತ್ತೂ ಉಳಿಯಿತು, ನನ್ನ ಅಂಗಡಿಯೂ ಉಳಿಯಿತು. ಯಾರಿಗೆ ಗೊತ್ತಾಗುತ್ತದೆ?"

"ನನಗೆ ಗೊತ್ತಾಗುತ್ತದಲ್ಲ ಸಾಹುಕಾರರೇ" ಎಂದಳು ಸೇಸಮ್ಮ.

"ಹಟ ಮಾಡಬೇಡ ಮಾರಾಯ್ತಿ! ನನ್ನ ಮಗಳ ಮದುವೆ" ಎಂದ ಐತಪ್ಪ. ಅವನ ದನಿಯಲ್ಲಿ ಹಿಂದಿನ ನಗು ಇರಲಿಲ್ಲ.

ಸೇಸಮ್ಮ ಎತ್ತಿನ ಕಡೆ ನೋಡಿದಳು. ಅದರ ಮುಂದೆ ಒಂದು ಹಿಡಿ ಹುಲ್ಲು ಉಳಿದಿತ್ತು. ಹೂಂ ಎನ್ನಲು ಬಾಯಿ ತೆರೆದಳು ಎಂದೇ ಇಟ್ಟುಕೊಳ್ಳಿ. ಹಸಿದವರಿಗೆ ಆಸೆ ಇರುತ್ತದೆ, ಅದರಲ್ಲಿ ನಾಚಿಕೆ ಏನಿಲ್ಲ. ಆದರೆ ಅವಳು ಹೇಳಿದ್ದು ಬೇರೆ.

"ಭಾವ, ಗುಲಾಬಿಗೆ ನಾನು ಚಿಕ್ಕಮ್ಮ. ಅವಳ ತಲೆಗೆ ಎಣ್ಣೆ ಪುಕ್ಕಟೆ ಕೊಡುತ್ತೇನೆ. ಆದರೆ ಡಬ್ಬದಲ್ಲಿ ಅಲ್ಲ. ನನ್ನ ತಂಬಿಗೆಯಲ್ಲಿ, ನನ್ನ ಕೈಯಿಂದ, ಎಲ್ಲರ ಮುಂದೆ."

ಹೇಳಿದಂತೆಯೇ ಅವಳು ಹಿತ್ತಾಳೆಯ ತಂಬಿಗೆ ತುಂಬಿಕೊಂಡು ಚಪ್ಪರದೊಳಕ್ಕೆ ನಡೆದಳು. "ಇದು ನನ್ನ ಗಾಣದ ಎಣ್ಣೆ. ಮುದ್ರೆ ಇಲ್ಲ. ಬೇಕಾದರೆ ಹಚ್ಚಿ, ಬೇಡವಾದರೆ ಹಡಗಿಗೆ ಕಾಯಿರಿ" ಎಂದಳು.

ಗಂಡಿನ ತಾಯಿ ಮುಖ ಸಿಂಡರಿಸಿದಳು. "ಮುದ್ರೆ ಒಡೆಯದೆ ಮದುವೆ ಮಾಡುವುದುಂಟೇ? ನಾಳೆ ನಾಲ್ಕು ಜನ ಏನೆಂದಾರು?"

ಆಗ ಗುಲಾಬಿಯೇ ತಲೆ ಎತ್ತಿದಳು. "ಅತ್ತೆ, ಏನಾದರೂ ಒಡೆಯಲೇಬೇಕು ಎಂದಿದ್ದರೆ ಒಂದು ತೆಂಗಿನಕಾಯಿ ಒಡೆಯಿರಿ. ಗಾಳಿ ನಿಲ್ಲುವವರೆಗೆ ನಾನು ಮಣೆಯ ಮೇಲೆ ಕೂತಿರಲಾರೆ."

ಮೊದಲು ನಕ್ಕವನು ಮದುಮಗ. ಆಮೇಲೆ ಚಪ್ಪರವೇ ನಕ್ಕಿತು. ಅತ್ತೆಯೂ ಸೆರಗಿನಲ್ಲಿ ನಗು ಒರೆಸಿಕೊಂಡು ಕಾಯಿ ಒಡೆದಳು, ಸೊಸೆಯ ನೆತ್ತಿಗೆ ಎಣ್ಣೆ ಇಟ್ಟಳು. ಘಮ ಎಲ್ಲ ಕಡೆ ಹರಡಿತು.

"ಇದೇನು, ಈ ಎಣ್ಣೆಗೆ ತೆಂಗಿನಕಾಯಿಯ ವಾಸನೆ ಬರುತ್ತದೆ!" ಎಂದು ಒಬ್ಬ ಮುದುಕ ದೂರಿದ.

"ಮತ್ತೆ ಬಂಗಡೆ ಮೀನಿನ ವಾಸನೆ ಬರಬೇಕಿತ್ತಾ ಅಜ್ಜ?" ಎಂದಳು ಸೇಸಮ್ಮ.

ಮಾರನೆಯ ದಿನ ಗಾಣದ ಮುಂದೆ ಜನ ನಿಂತಿದ್ದರು. ಯಾರ ಕೈಯಲ್ಲಿ ಚೊಂಬು, ಯಾರ ಕೈಯಲ್ಲಿ ಕುಡಿಕೆ. ಹಡಗು ಕೊನೆಗೂ ಬಂತು, ಡಬ್ಬಗಳೂ ಬಂದವು. ಕೆಲವು ಹಿರಿಯರು ಇಂದಿಗೂ ಡಬ್ಬವನ್ನೇ ಕೊಳ್ಳುತ್ತಾರೆ. ಕೊಳ್ಳಲಿ, ಅವರ ಮೂಗು ಅವರದು. ಆದರೆ ಈಗ ದ್ವೀಪದಲ್ಲಿ ಬೇರೆಯವರೂ ಗಾಣ ಹಾಕಿದ್ದಾರೆ. ಹಡಗಿಗೆ ಹೋಗುವ ಮೂಟೆಗಳು ಕಡಿಮೆಯಾಗಿವೆ. ದೂಮಪ್ಪನ ಅಂಗಡಿಯ ಕಟ್ಟೆಯ ಮೇಲೆ ಸೇಸಮ್ಮನ ಹೆಸರು ಬರೆದ ಕೊಡ ಕೂತಿದೆ.

ಇಂದು ಸೇಸಮ್ಮನಿಗೆ ಎರಡು ಗಾಣಗಳಿವೆ, ಹೆಂಚು ಹೊದಿಸಿದ ಒಂದು ಮನೆ ಇದೆ, ಬಾಗಿಲ ಮುಂದೆ ಅವಳೇ ನೆಟ್ಟ ತೆಂಗುಗಳಿವೆ. ಅದಕ್ಕೆ ಅವಳು ತೆತ್ತದ್ದು ತಾಯಿ ಕೊಟ್ಟ ಬಳೆ, ಗಂಡ ಕಟ್ಟಿದ ಮನೆ, ಒಂದು ಇಡೀ ಮಳೆಗಾಲದ ಹಸಿವು. ಬಳೆ ಮತ್ತೆ ಮಾಡಿಸಬಹುದಿತ್ತು, ಅವಳು ಮಾಡಿಸಲಿಲ್ಲ. ಆ ಮನೆಯನ್ನು ಮತ್ತೆ ಕೊಳ್ಳಲು ಹೋದಳು, ಕೊಂಡವರು ಕೊಡಲಿಲ್ಲ.

ನೀತಿ: ಆಳುವವರು ಹಡಗು ಹತ್ತಿ ಹೋದರೂ ಅವರು ಕಲಿಸಿದ ಅಭ್ಯಾಸ ನಮ್ಮ ಮನೆಯಲ್ಲೇ ಉಳಿದಿರುತ್ತದೆ. ಅದನ್ನು ನಾವೇ ಹೊರಗೆ ಹಾಕಬೇಕು. ನಮ್ಮ ಕೈಯ ದುಡಿಮೆಯನ್ನು ಇನ್ನೊಬ್ಬರ ಹೆಸರಿನಲ್ಲಿ ಮಾರಿದರೆ ಹೊಟ್ಟೆ ತುಂಬೀತು, ಗೆದ್ದವರು ಮಾತ್ರ ಅವರೇ.